ಮಗ ಮೂರನೇ ಗಿಟಾರ್ ಕೇಳುತ್ತಿದ್ದಾನೆ, ಕೊಡಿಸಲೋ ಬೇಡವೋ?

ಗದಗಿನವ, ಕೋಥ್ರೂಡ್

ಎಲ್ಲರಿಗೂ ನಮಸ್ಕಾರ. ಊರು ಬಿಟ್ಟು ಬಂದ ಕನ್ನಡಿಗರ ಈ ಗುಂಪಿನಲ್ಲಿ ಎಲ್ಲರೂ ಬಾಡಿಗೆ ಮನೆ, ಊರಿಗೆ ಹೋಗೋ ಬಸ್ಸು, ಜೋಳದ ಹಿಟ್ಟು ಎಲ್ಲಿ ಚೆನ್ನಾಗಿ ಸಿಗುತ್ತೆ ಅಂತ ಕೇಳುತ್ತಾರೆ. ನನ್ನದು ಸ್ವಲ್ಪ ಬೇರೆ ಪ್ರಶ್ನೆ. ನಗಬೇಡಿ.

ನನ್ನ ಮಗನಿಗೆ 20. ಇಂಜಿನಿಯರಿಂಗ್ ಎರಡನೇ ವರ್ಷ. ಹತ್ತನೇ ವಯಸ್ಸಿಗೆ ಮನೆ ಹತ್ತಿರದ ಒಂದು ಗಿಟಾರ್ ಕ್ಲಾಸಿಗೆ ಸೇರಿಸಿದ್ದೆ. ಹೆಸರು ಬೇಡ. ಅಲ್ಲಿ ಗ್ರೇಡ್ ಪರೀಕ್ಷೆಯದೊಂದೇ ಜಪ. ವರ್ಷಕ್ಕೆ ಮೂರು ತುಣುಕು ಹಿಡಿದು ಅವನ್ನೇ ಅರೆದರು. ಐದನೇ ಗ್ರೇಡ್ ಪಾಸಾದ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆವು. ಆದರೆ ಮನೆಗೆ ಬಂದ ನೆಂಟರು "ಏನಾದರೂ ನುಡಿಸಪ್ಪ" ಅಂದರೆ ಪುಸ್ತಕ ಇಲ್ಲದೆ ಕೈಯೇ ಓಡುತ್ತಿರಲಿಲ್ಲ.

ಆಮೇಲೆ ರಾಕ್ ಹುಚ್ಚು ಹಿಡಿಯಿತು. ಎಲೆಕ್ಟ್ರಿಕ್ ಗಿಟಾರ್ ಬಂತು, ಸೊಸೈಟಿ ಸೆಕ್ರೆಟರಿ ಎರಡು ಸಲ ಮನೆಗೆ ಬಂದರು. 2020ರ ಲಾಕ್‌ಡೌನಿನಲ್ಲಿ ಅದನ್ನು ಬಿಟ್ಟು ಸ್ಪೇನಿನ ಫ್ಲಮೆಂಕೋ ಹಿಡಿದ. ಅದರ ಮೇಲೆ ಆಫ್ರಿಕಾದ ಮಾಲಿ. ಹೋದ ವರ್ಷ ಬ್ರೆಜಿಲ್. ನಡುವೆ ಆರು ತಿಂಗಳು ಜಾಝ್ ಅಂತ ಮುಖ ಗಂಟು ಹಾಕಿಕೊಂಡು ಕೂತಿದ್ದ. ಈಗ ನೈಲಾನ್ ತಂತಿಯ ಗಿಟಾರ್ ಬೇಕಂತೆ. ಅಂಗಡಿಯಲ್ಲಿ 35,000 ಅಂದರು.

ದುಡ್ಡಿನ ಮಾತು ಅರ್ಧ. ಇವನು ಕಲಿಯುತ್ತಿದ್ದಾನೋ, ಸುಮ್ನೆ ಅಲೆಯುತ್ತಿದ್ದಾನೋ ನನಗೆ ತಿಳಿಯುತ್ತಿಲ್ಲ. ನಮ್ಮಪ್ಪನಿಗೆ 78. ಭೀಮಸೇನ ಜೋಶಿಯವರು ಹಾಡುತ್ತಾರೆ ಅಂದರೆ ಶಾಲು ಹೊದ್ದು ಪುಣೆಯ ರಮಣಬಾಗಿನ ಸವಾಯಿ ಗಂಧರ್ವ ಸಂಗೀತೋತ್ಸವದಲ್ಲಿ ರಾತ್ರಿಯಿಡೀ ಕೂರುತ್ತಿದ್ದ ಮನುಷ್ಯ. ಮೊಮ್ಮಗನ ಫ್ಲಮೆಂಕೋ ಕೇಳಿ "ಏನೋ ಇದು, ತಗಡಿನ ಮ್ಯಾಲೆ ಮಳಿ ಬಿದ್ದಂಗ" ಅಂದರು. ತಿಳಿದವರು ಹೇಳಿ.

ಡೊಂಬಿವಲಿ ಫಾಸ್ಟ್

ನನ್ನ ಮಗ ಮೂರನೇ ಮೊಬೈಲ್ ಕೇಳುತ್ತಿದ್ದಾನೆ ಸರ್. ಅದಲು ಬದಲು ಮಾಡಿಕೊಳ್ಳೋಣ್ವಾ?

ಔಂಧ್ ಅಕ್ಕ

ನಾನು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಹತ್ತು ಕಡೆ ಒಂದೊಂದು ಅಡಿ ತೋಡಿದರೆ ಬಾವಿ ಆಗಲ್ಲ. ನನ್ನ ಮಗಳು ಒಂಬತ್ತು ವರ್ಷ ಒಬ್ಬರೇ ಗುರುಗಳ ಹತ್ತಿರ ಹಾಡು ಕಲಿತಳು. ಮೊದಲ ಎರಡು ವರ್ಷ ಬರೀ ಪಲ್ಟಾ, ಅಂದರೆ ಸ್ವರಗಳ ಅಭ್ಯಾಸ, ಅದೂ ಒಂದೇ ರಾಗ. ಬೇಸರದಿಂದ ಅತ್ತಿದ್ದಾಳೆ. ಈಗ ಕೂತರೆ ಮುಕ್ಕಾಲು ಗಂಟೆ ಹಾಡುತ್ತಾಳೆ. ನಿಮ್ಮ ಹುಡುಗನಿಗೆ ಒಂದನ್ನು ಆರಿಸಿಕೋ ಅನ್ನಿ. ಅಲ್ಲಿಯವರೆಗೆ ಗಿಟಾರ್ ಬೇಡ.

ಬಾಂದ್ರಾ ಬಿಳಿಗಡ್ಡ

ಔಂಧ್ ಅಕ್ಕ, ನಿಮ್ಮ ಮಾತು ಖಯಾಲ್ ಗಾಯನಕ್ಕೆ ಸರಿ. ಆದರೆ ನಮ್ಮೂರ ಕಡೆ ಬಾವಿ ತೋಡುವ ಮೊದಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತುತ್ತಾರೆ ಅಲ್ವಾ? ಕಾಯಿ ಎದ್ದು ನಿಂತಲ್ಲಿ ತೋಡುತ್ತಾರೆ. ಹುಡುಗ ಇನ್ನೂ ಕಾಯಿ ಹಿಡಿದು ಸುತ್ತುತ್ತಿದ್ದಾನೆ ಅಂದುಕೊಳ್ಳಿ.

ಇನ್ನೊಂದು ವಿಷಯ. ಗಿಟಾರ್ ಅನ್ನೋದೇ ಒಂದು ಕಡೆ ನಿಂತ ವಾದ್ಯ ಅಲ್ಲ. ಸ್ಪೇನಿನಿಂದ ಮೆಕ್ಸಿಕೋಗೆ ಹೋಯಿತು. ಅಲ್ಲಿಂದ ದನ ಕಾಯುವವರ ಜೊತೆ 1830ರ ದಶಕದಲ್ಲಿ ಹವಾಯಿ ದ್ವೀಪಕ್ಕೆ ಹೋಯಿತು. ಅಲ್ಲಿಯವರು ಅದನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸಿದರು. 1940ರ ದಶಕದಲ್ಲಿ ಟಾವ್ ಮೋ ಎಂಬ ಹವಾಯಿ ಕಲಾವಿದ ಕಲ್ಕತ್ತದಲ್ಲಿ ಇದ್ದು ನುಡಿಸಿದ, ಕಲಿಸಿದ. ಜಾರುವ ಸ್ವರ ಅಂದರೆ ನಮಗೆ ಮೀಂಡ್. ಬ್ರಿಜಭೂಷಣ ಕಾಬ್ರಾ ಅದರಲ್ಲೇ ಪೂರ್ತಿ ರಾಗ ನುಡಿಸಿದರು. 1967ರಲ್ಲಿ ಶಿವಕುಮಾರ ಶರ್ಮಾರ ಸಂತೂರು, ಹರಿಪ್ರಸಾದ ಚೌರಾಸಿಯಾರ ಕೊಳಲಿನ ಜೊತೆ ಕಾಬ್ರಾ ಗಿಟಾರ್ ಇದ್ದ ರೆಕಾರ್ಡ್ ಬಂತು. ಒಂದು ದಿನದ ಹೊತ್ತುಗಳನ್ನು ರಾಗಗಳಲ್ಲಿ ಹೇಳುವ ರೆಕಾರ್ಡ್. ನಿಮ್ಮ ತಂದೆಯವರು ಖಂಡಿತ ಕೇಳಿರುತ್ತಾರೆ. ಅದರಲ್ಲಿರೋದು ಗಿಟಾರ್ ಅಂತ ಹೇಳಿ ನೋಡಿ, ಏನಂತಾರೆ ಅಂತ ಇಲ್ಲಿ ಬರೆಯಿರಿ.

ಒಂದೇ ತಕರಾರು. ಹುಡುಗ ಇದನ್ನೆಲ್ಲ "ವರ್ಲ್ಡ್ ಮ್ಯೂಸಿಕ್" ಅಂತಾನಾ? ಅದು ಸಂಗೀತದ ಹೆಸರಲ್ಲ, ಅಂಗಡಿಯ ಕಪಾಟಿನ ಹೆಸರು. 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ರೆಕಾರ್ಡ್ ಕಂಪನಿಯವರು ಸೇರಿ, ಈ ಕ್ಯಾಸೆಟ್ಟುಗಳನ್ನೆಲ್ಲ ಯಾವ ಖಾನೆಯಲ್ಲಿ ಇಡೋದು ಅಂತ ಮಾತಾಡಿ ಇಟ್ಟುಕೊಂಡ ಹೆಸರು. ಗ್ರ್ಯಾಮಿಯವರೇ 2020ರಲ್ಲಿ ಅದನ್ನು ತೆಗೆದು "ಗ್ಲೋಬಲ್" ಅಂತ ಮಾಡಿದರು. ಮಾಲಿಯವನಿಗೆ ಮಾಲಿಯದು ಊರ ಹಾಡು, ಅಷ್ಟೇ.

ಮಾಟುಂಗಾ ಮೃದಂಗ

ಗದಗಿನವರೇ, ಹುಡುಗನಿಗೆ ಫ್ಲಮೆಂಕೋದ ತಾಳ ಕೈಗೆ ಬಂದಿದೆಯಾ? ಯಾಕೆ ಕೇಳಿದೆ ಅಂದರೆ, ನಮ್ಮ ಹುಡುಗರು ಅಲ್ಲೇ ಎಡವುತ್ತಾರೆ. ಬುಲೇರಿಯಾ ಅಂತ ಒಂದು ನಡೆ ಇದೆ. ಹನ್ನೆರಡು ಮಾತ್ರೆ. ಒತ್ತು ಬೀಳೋದು 12, 3, 6, 8, 10ರ ಮೇಲೆ. ಪುಸ್ತಕದಲ್ಲಿ ನೋಡಿದರೆ ತಲೆ ತಿರುಗುತ್ತದೆ. ಎಣಿಕೆ ಹನ್ನೆರಡರಿಂದ ಶುರುವಾಗುತ್ತೆ ಅನ್ನೋದೇ ಅರ್ಥವಾಗಲ್ಲ.

ನಮಗೆ ಅದು ಸುಲಭ ರೀ. ಬಾಯಲ್ಲಿ ಹೇಳಿ:

ತಕಿಟ ತಕಿಟ ತಕ ತಕ ತಕ

ಮೂರು, ಮೂರು, ಎರಡು, ಎರಡು, ಎರಡು. ಹನ್ನೆರಡಾಯ್ತು. ಪ್ರತಿ "ತ"ಕ್ಕೂ ಚಪ್ಪಾಳೆ ಹಾಕಿ. ಅದೇ ಬುಲೇರಿಯಾ. ಹಿಂದುಸ್ತಾನಿಯ ಏಕತಾಲವೂ ಹನ್ನೆರಡೇ. ಆದರೆ ಅದು ಎರಡೆರಡರ ಆರು ತುಂಡು, ನಡಿಗೆಯೇ ಬೇರೆ. ಹನ್ನೆರಡು ಅಂದ ಕೂಡಲೇ ಎರಡೂ ಒಂದೇ ಅಂದುಕೊಳ್ಳಬಾರದು. ಹುಡುಗ ಲೆಕ್ಕ ಮಾಡಿ ನುಡಿಸುತ್ತಿದ್ದಾನೋ, ಮೈಗೆ ಇಳಿದಿದೆಯೋ ನೋಡಬೇಕಾದರೆ ಅವನು ಬೇರೇನೋ ಮಾಡುತ್ತಿರುವಾಗ ಇದನ್ನು ತಟ್ಟಿ. ತಲೆ ಎತ್ತಿದರೆ ಲೆಕ್ಕ. ಕಾಲು ಅಲ್ಲಾಡಿದರೆ ಮೈ.

ಗದಗಿನವ, ಕೋಥ್ರೂಡ್

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ಮೇಲೆ ತಟ್ಟಿದೆ. ತಕಿಟ ತಕಿಟ ತಕ ತಕ ತಕ. ಮೂರನೇ ಸುತ್ತಿಗೆ ಅವನ ಕೈಯಲ್ಲಿದ್ದ ಚಪಾತಿ ಹಾಗೇ ನಿಂತಿತು. ತಲೆ ಎತ್ತಲಿಲ್ಲ. ಎಡಗೈಯ ಉಗುರಿನಲ್ಲಿ ಟೇಬಲ್ ಮೇಲೆ ನನ್ನ ಪೆಟ್ಟುಗಳ ಮಧ್ಯೆ ಇರುವ ಖಾಲಿ ಜಾಗದಲ್ಲಿ ಟಕ್ ಟಕ್ ಅಂತ ತುಂಬತೊಡಗಿದ. ನಾನು ತಪ್ಪಿದೆ, ಅವನು ತಪ್ಪಲಿಲ್ಲ. "ಅಪ್ಪಾ, ಹತ್ತರಲ್ಲಿ ನಿಲ್ಲಿಸಬೇಕು" ಅಂದ. ನನ್ನ ಹೆಂಡತಿ, ಪಲ್ಯ ಆರುತ್ತೆ ಅಂದಳು.

ಅಪ್ಪನಿಗೆ ಆ ರೆಕಾರ್ಡಿನ ಮಾತೂ ಹೇಳಿದೆ. ಎಲ್‌ಪಿ ಊರಿನ ಮನೆಯಲ್ಲಿ ಇನ್ನೂ ಇದೆಯಂತೆ. "ಅದು ಗಿಟಾರಾ? ನಾನು ವಿಚಿತ್ರ ವೀಣಾ ಅಂತ ತಿಳಕೊಂಡಿದ್ದೆ" ಅಂದರು. ಐವತ್ತು ವರ್ಷದಿಂದ ಹಾಗೇ ತಿಳಿದಿದ್ದಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಅದು ಮಲಗಿಸಿ ಬಾರಿಸೋದು. ಇವನದು ಮೆಟ್ಟಲ ಇರೋದು" ಅಂತ ಸೇರಿಸಿದರು. ಸೋಲೊಪ್ಪುವ ಮನುಷ್ಯ ಅಲ್ಲ.

ಬಾಂದ್ರಾ ಬಿಳಿಗಡ್ಡ

ನಿಮ್ಮಪ್ಪ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಜಗಳ ಇರೋದೇ ಮೆಟ್ಟಿಲಿನಲ್ಲಿ, ಅಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿ, ಫ್ರೆಟ್ಟಿನಲ್ಲಿ. ಹಾರ್ಮೋನಿಯಂಗೂ ಇದೇ ಗತಿ ಬಂದಿತ್ತು. ಸ್ವರದಿಂದ ಸ್ವರಕ್ಕೆ ಜಾರಲು ಬರಲ್ಲ ಅಂತ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ದರ್ಬಾರಿ ರಾಗದ ಗಾಂಧಾರ ಸ್ವರವನ್ನು ಯಾವ ಫ್ರೆಟ್ಟಿನ ಮೇಲೆ ಹುಡುಕುತ್ತೀರಿ? ಅದು ಎರಡು ಫ್ರೆಟ್ಟುಗಳ ನಡುವೆ ಎಲ್ಲೋ ತೂಗಾಡುತ್ತಿರುತ್ತದೆ.

ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಂ ಜೊತೆ ಶಕ್ತಿ ತಂಡ ಕಟ್ಟಿದಾಗ ಅವರಿಗೂ ಇದೇ ತೊಡಕು. ಏಬ್ರಹಾಂ ವೆಕ್ಟರ್ ಎಂಬ ಗಿಟಾರ್ ಮಾಡುವವನಿಂದ ಬೇರೆಯದೇ ಗಿಟಾರ್ ಮಾಡಿಸಿಕೊಂಡರು. ಫ್ರೆಟ್ಟುಗಳ ನಡುವಿನ ಮರವನ್ನು ದೋಣಿಯ ಹಾಗೆ ಕೆತ್ತಿ ಹಳ್ಳ ಮಾಡಿದ್ದು. ಬೆರಳು ಮರಕ್ಕೆ ತಾಗಲ್ಲ, ತಂತಿಯನ್ನು ಸಿತಾರಿನ ಹಾಗೆ ಎಳೆಯಬಹುದು. ಬರೀ ಗಿಟಾರ್ ಬದಲಾಯಿಸಿ ಮುಗಿಸಲಿಲ್ಲ ಅವರು. ಕೂತು ವೀಣೆ ಕಲಿತರು. ಅದೇ ಶಕ್ತಿಗೆ 2024ರಲ್ಲಿ ಗ್ರ್ಯಾಮಿ ಬಂತು. ಆ ಡಿಸೆಂಬರಿನಲ್ಲೇ ಜಾಕಿರ್ ಭಾಯ್ ಹೋದರು. ಈ ಮುಂಬಯಿಯಲ್ಲಿ ಅವರನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇರಲಿ, ವಿಷಯ ಬೇರೆ ಕಡೆ ಹೋಯಿತು.

ತಂತಿ ರಿಪೇರಿ

ನಾನು ಪುಣೆಯಲ್ಲಿ ಗಿಟಾರ್ ರಿಪೇರಿ ಮಾಡುತ್ತೇನೆ. ಹಗಲು ಬೇರೆ ನೌಕರಿ. ಎಲ್ಲರೂ ದೊಡ್ಡ ಮಾತು ಆಡುತ್ತಿದ್ದೀರಿ, ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಸ್ಟೀಲ್ ತಂತಿಯ ಗಿಟಾರಿನಲ್ಲಿ ಫ್ಲಮೆಂಕೋ ನುಡಿಸಬಹುದು, ಆದರೆ ಬಲಗೈ ಉಗುರು ಉಳಿಯಲ್ಲ. ರಾಸ್ಗೆಯಾದೋ ಅಂತ ಬೆರಳುಗಳನ್ನು ಒಂದೊಂದಾಗಿ ಹೊರಗೆ ಬಿಚ್ಚಿ ಹೊಡೆಯುತ್ತಾರೆ. ಬೆರಳ ತುದಿಯಿಂದ ನೀರು ಸಿಡಿಸುವ ಹಾಗೆ. ಸ್ಟೀಲಿನ ಮೇಲೆ ತಿಂಗಳು ಹಾಗೆ ಹೊಡೆದರೆ ಉಗುರು ಗರಗಸ ಆಗುತ್ತದೆ. ಅವನ ಕೈ ನೋಡಿ.

"ಇರೋ ಗಿಟಾರಿಗೇ ನೈಲಾನ್ ತಂತಿ ಹಾಕಿಸೋಣ" ಅಂತ ಬರುವವರು ಜಾಸ್ತಿ. ಆಗಲ್ಲ. ನೈಲಾನಿನ ಎಳೆತ ಸ್ಟೀಲಿನ ಅರ್ಧದಷ್ಟು. ಸ್ಟೀಲಿಗೆ ಮಾಡಿದ ಪೆಟ್ಟಿಗೆಯ ಮೇಲೆ ಅದು ಹಾಕಿದರೆ ದನಿಯೇ ಏಳಲ್ಲ. ತಿರುಗಿಸಿ ಮಾಡಿದರೆ ಇನ್ನೂ ಅಪಾಯ. ನೈಲಾನ್ ಗಿಟಾರಿಗೆ ಸ್ಟೀಲ್ ಹಾಕಿ ಒಂದು ವಾರದಲ್ಲಿ ಬ್ರಿಡ್ಜ್, ಅಂದರೆ ತಂತಿ ಕಟ್ಟುವ ಪಟ್ಟಿ, ಕಿತ್ತುಕೊಂಡು ತಂದವರು ನನ್ನ ಹತ್ತಿರ ಬಂದಿದ್ದಾರೆ. ಕುತ್ತಿಗೆಯೂ ಬೇರೆ. ಸ್ಟೀಲಿನದು ಮೇಲ್ತುದಿಯಲ್ಲಿ 43 ಮಿಲಿಮೀಟರ್ ಆಸುಪಾಸು, ನೈಲಾನಿನದು 52. ಬಲಗೈಯ ನಾಲ್ಕು ಬೆರಳು ತಂತಿಗಳ ಮಧ್ಯೆ ಆಡಬೇಕಲ್ಲ, ಅದಕ್ಕೆ ಆ ಅಗಲ. ಅಂದರೆ ಹುಡುಗ ಕೇಳುತ್ತಿರೋದು ಇನ್ನೊಂದು ಗಿಟಾರ್ ಅಲ್ಲ, ಬೇರೆ ವಾದ್ಯ. ತಬಲಾ ಇದ್ದವನು ಪಖಾವಾಜ್ ಕೇಳಿದ ಹಾಗೆ.

ಆದರೆ 35,000 ಕೊಡಬೇಡಿ. ಹಳೆಯದು ಹುಡುಕೋಣ. ಗಟ್ಟಿ ಮರದ ಮೇಲ್ಹಲಗೆ ಇರಲಿ, ಪ್ಲೈವುಡ್ ಬೇಡ. ಮಳೆಗಾಲದಲ್ಲಿ ಕೊಳ್ಳಬೇಡಿ, ಆಗ ಎಲ್ಲ ಗಿಟಾರೂ ನೀರು ಕುಡಿದ ಎಮ್ಮೆ. ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ನಿಜವಾದ ಸ್ಥಿತಿ ಗೊತ್ತಾಗಲ್ಲ. ದೀಪಾವಳಿ ಕಳೆಯಲಿ.

ಇನ್ನೊಂದು ಹೇಳಲೇಬೇಕು. ಎಷ್ಟೋ ಒಳ್ಳೆಯ ಗಿಟಾರುಗಳ ಹಿಂಭಾಗ, ಪಕ್ಕದ ಹಲಗೆ, ಬೆರಳಿಡುವ ಪಟ್ಟಿ ಯಾವ ಮರದ್ದು ಗೊತ್ತಾ? ನಮ್ಮ ಬೀಟೆ. ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬಂತು. ಆಮೇಲೆ ಜಗತ್ತೇ ಬಂತು. ಪಶ್ಚಿಮ ಘಟ್ಟದಲ್ಲಿ ಬೆಳೆದ ಮರ ಸ್ಪೇನಿಗೆ ಹೋಗಿ ಗಿಟಾರ್ ಆಗಿ, ದುಪ್ಪಟ್ಟು ದುಡ್ಡಿಗೆ ಇಲ್ಲಿಗೇ ಬರುತ್ತದೆ. ನಮ್ಮಜ್ಜಿ ಅದೇ ಮರದ ಮಂಚದ ಮೇಲೆ ಉಪ್ಪಿನಕಾಯಿ ಜಾಡಿ ಇಡುತ್ತಿದ್ದಳು.

ಡೊಂಬಿವಲಿ ಫಾಸ್ಟ್

ಮಂಚಕ್ಕೆ ತಂತಿ ಕಟ್ಟಿದ್ದರೆ ಆಗುತ್ತಿತ್ತು.

ವಾಸ್ಕೋ ಹುಬ್ಬಳ್ಳಿ

ತಡವಾಗಿ ನೋಡಿದೆ. ನಾನು ಹದಿನಾರು ವರ್ಷದಿಂದ ಗೋವಾದಲ್ಲಿದ್ದೇನೆ. ಬಂದರಿನಲ್ಲಿ ಕೆಲಸ, ಮದುವೆ ಸೀಸನ್ನಿನಲ್ಲಿ ಬ್ಯಾಂಡಿಗೆ ಬಾಸ್ ನುಡಿಸುತ್ತೇನೆ. ಹುಡುಗ ಯಾವ ಶೈಲಿ ಕಲಿತ ಅಂತ ಎಲ್ಲರೂ ಕೇಳುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ಅವನು ಯಾವತ್ತಾದರೂ ಹಾಡುವವರ ಪಕ್ಕ ಕೂತು ನುಡಿಸಿದ್ದಾನಾ?

ಇಲ್ಲಿ ಮಾಂಡೋ ಅಂತ ಹಾಡಿನ ಪದ್ಧತಿ ಇದೆ. ನಿಧಾನ. ಎರಡು ದನಿಯಲ್ಲಿ ಹಾಡುತ್ತಾರೆ. ವಯಲಿನ್ ಇರುತ್ತೆ, ಘುಮಟ್ ಇರುತ್ತೆ. ಘುಮಟ್ ಅಂದರೆ ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ. ಮೊದಲು ಉಡದ ಚರ್ಮ ಕಟ್ಟುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಈಗ ಮೇಕೆಯದು. 2019ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯ ಅಂತ ಮಾಡಿತು. ಮೊದಲ ವರ್ಷ ಒಂದು ಮನೆಯ ಮದುವೆಯ ಹಿಂದಿನ ರಾತ್ರಿ ನನ್ನನ್ನು ಕರೆದರು. ನನಗೆ ಹುಮ್ಮಸ್ಸು. ಹಾಡಿನ ಸಂದುಗೊಂದುಗಳಲ್ಲೆಲ್ಲ ಬಾಸ್ ತುಂಬಿದೆ. ಹಾಡುತ್ತಿದ್ದ ಮುದುಕಿ ಒಂದು ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳಲು ನಿಂತಳು. ನಾನು ನಿಲ್ಲಲಿಲ್ಲ. ಅವಳು ಹಾಡು ನಿಲ್ಲಿಸಿ, ಬಂದು, ನನ್ನ ತಂತಿಗಳ ಮೇಲೆ ಅಂಗೈ ಇಟ್ಟಳು. ಅಷ್ಟೇ. ಬೈಯಲಿಲ್ಲ. ವಾಪಸ್ ಹೋಗಿ ಮತ್ತೆ ಶುರು ಮಾಡಿದಳು. ಆ ರಾತ್ರಿ ಕಲಿತದ್ದು ಅದಕ್ಕಿಂತ ಹಿಂದಿನ ಆರು ವರ್ಷದಲ್ಲಿ ಕಲಿತಿರಲಿಲ್ಲ.

ಫ್ಲಮೆಂಕೋ ಗಿಟಾರ್ ಕೂಡ ಮೊದಲು ಒಂಟಿ ವಾದ್ಯ ಅಲ್ಲ, ಹಾಡುಗಾರನ ಸಾಥ್. ಪಾಕೋ ದೆ ಲುಸೀಯಾ ಅಂಥ ದೊಡ್ಡ ಕೈ ಕೂಡ ಹಾಡುವವರ ಪಕ್ಕ ವರ್ಷಗಟ್ಟಲೆ ಕೂತು ಬಂದದ್ದು. ಪೋರ್ಚುಗಲ್ಲಿನ ಫಾದೋ ನೋಡಿ, ಗೋವಾದಲ್ಲಿ ಈಗಲೂ ಹಾಡುತ್ತಾರೆ. ಅದರಲ್ಲಿ ಹನ್ನೆರಡು ತಂತಿಯ ಗಿಟಾರ್ರಾ ಹಾಡಿಗೆ ಉತ್ತರ ಕೊಡುತ್ತದೆ. ನಾವು ಗಿಟಾರ್ ಅನ್ನೋದನ್ನು ಅವರು ವಿಯೋಲಾ ಅಂತಾರೆ. ಅದರ ಕೆಲಸ ಕೆಳಗೆ ಚಾಪೆ ಹಾಸೋದು. ಯಾರಿಗೂ ಕಾಣಬಾರದು, ಆದರೆ ತೆಗೆದರೆ ಎಲ್ಲರೂ ಬೀಳಬೇಕು. ಇಷ್ಟು ದೇಶ ತಿರುಗಿದ ಹುಡುಗ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ನುಡಿಸುತ್ತಿದ್ದರೆ, ಅಣ್ಣಾ, ನಾನು ಔಂಧ್ ಅಕ್ಕನ ಕಡೆ.

ಔಂಧ್ ಅಕ್ಕ

ಕೊನೆಗೂ ಒಬ್ಬರು.

ಗದಗಿನವ, ಕೋಥ್ರೂಡ್

ವಾಸ್ಕೋ ಅಣ್ಣ, ನಿಮ್ಮ ಪ್ರಶ್ನೆ ಚುಚ್ಚಿತು. ಇಲ್ಲ. ಕಾಲೇಜಿನ ಬ್ಯಾಂಡಿನಲ್ಲಿ ಸ್ವಲ್ಪ ದಿನ ಇದ್ದ, ಅಲ್ಲಿ ಎಲ್ಲರೂ ಒಟ್ಟಿಗೆ ಕೂಗುವುದೇ. ಬಾಗಿಲು ಹಾಕಿಕೊಂಡೇ ನುಡಿಸುತ್ತಾನೆ. ಈ ಚರ್ಚೆಯನ್ನು ಇವತ್ತು ಅವನಿಗೆ ತೋರಿಸಿದೆ. ಓದಿದ, ಏನೂ ಹೇಳಲಿಲ್ಲ.

ಹತ್ತರಲ್ಲಿ ನಿಲ್ಲಿಸು

ನಮಸ್ಕಾರ, ಆ "ಮಗ" ನಾನೇ. ಅಪ್ಪ ಬರೆದು ಎರಡು ವಾರ ಆಯ್ತು ಅಂತ ಈಗ ಗೊತ್ತಾಯ್ತು. ನಾನು ಮರಾಠಿ ಶಾಲೆಯಲ್ಲಿ ಓದಿದವನು. ಕನ್ನಡ ಓದೋದು, ಬರೆಯೋದು ಅಜ್ಜ ಕಲಿಸಿದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ಒಂದು ಒಪ್ಪಿಕೊಳ್ಳುತ್ತೇನೆ. ಜಾಝ್ ನನಗೆ ಬರಲಿಲ್ಲ. ಜಾಝ್ ಗಿಟಾರಿನ ಜ್ಯಾಂಗೋ ರೈನ್‌ಹಾರ್ಟ್‌ನ ಎಡಗೈಯ ಎರಡು ಬೆರಳು 1928ರ ಬೆಂಕಿಯಲ್ಲಿ ಸುಟ್ಟು ಕೆಲಸಕ್ಕೆ ಬಾರದಂತಾದವು, ಉಳಿದ ಎರಡರಲ್ಲೇ ಆ ಓಟ ಓಡಿದ. ನನ್ನ ನಾಲ್ಕೂ ಬೆರಳು ಸರಿ ಇವೆ, ಆದರೂ ಆಗಲಿಲ್ಲ. ಆರು ತಿಂಗಳು ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ ಹೆಸರು ಬಾಯಿಪಾಠ ಮಾಡಿದೆ, ಗ್ರೇಡ್ ಪರೀಕ್ಷೆಯ ಥರವೇ. ಬಿಟ್ಟೆ.

ಮಾಲಿ ಹಾಗಲ್ಲ. ಅಲಿ ಫರ್ಕಾ ತೂರೆ ಅಂತ ನಿಯಾಫುಂಕೆ ಊರಿನವರು, ಕೊನೆಗೆ ಆ ಊರಿನ ಮೇಯರೂ ಆಗಿದ್ದರು. ಅವರ ರೆಕಾರ್ಡ್ ಹಾಕಿದಾಗ ಅಜ್ಜ ಹೊರಗಿನಿಂದ "ಯಾರು ಧಾನಿ ಹಾಡಾಕತ್ತಾರ?" ಅಂತ ಕೇಳಿದರು. ನನಗೆ ಧಾನಿ ಅಂದರೆ ಏನು ಅಂತ ಗೊತ್ತಿರಲಿಲ್ಲ. ಅದೊಂದು ರಾಗ. ಸ ಗ ಮ ಪ ನಿ, ಗ ನಿ ಎರಡೂ ಕೋಮಲ. ನಾನು ಅದನ್ನು ಮೈನರ್ ಪೆಂಟಾಟೋನಿಕ್ ಅಂತ ಹನ್ನೊಂದನೇ ವಯಸ್ಸಿನಿಂದ ಉಜ್ಜುತ್ತಿದ್ದೆ. ನಮ್ಮ ಮನೆಯಲ್ಲೇ ಅದಕ್ಕೆ ಹೆಸರಿತ್ತು, ನಾನು ಕೇಳಿರಲಿಲ್ಲ.

ಬ್ರೆಜಿಲಿನಿಂದ ಬಂದದ್ದು ಹೆಬ್ಬೆರಳು. ಅಲ್ಲಿನ ಗಾಯಕ ಜೊಆಂವ್ ಜಿಲ್ಬೆರ್ತೋ 1958ರ ಸುಮಾರಿಗೆ ಮಾಡಿದ್ದು ಇಷ್ಟೇ. ಬೀದಿಯಲ್ಲಿ ನೂರಾರು ಜನ ಬಾರಿಸುವ ಸಾಂಬಾದ ನಗಾರಿಗಳನ್ನೆಲ್ಲ ಒಂದು ಕೈಗೆ ಇಳಿಸಿದರು. ಹೆಬ್ಬೆರಳು ದೊಡ್ಡ ನಗಾರಿ, ಒಂದೇ ಸಮ ನಡೆಯುತ್ತದೆ. ಉಳಿದ ಮೂರು ಬೆರಳು ಸಣ್ಣ ನಗಾರಿ, ಬೇಕಂತಲೇ ಸ್ವಲ್ಪ ಮುಂಚೆ ಬೀಳುತ್ತದೆ. ಎರಡೂ ಒಂದೇ ಕೈ. ಹೆಬ್ಬೆರಳಿಗೆ ಬೆರಳುಗಳ ಮಾತು ಕೇಳಿಸಬಾರದು. ಇದಕ್ಕೆ ನನಗೆ ಎಂಟು ತಿಂಗಳು ಹಿಡಿಯಿತು. ಸಿಟಿ ಬಸ್ಸಿನಲ್ಲಿ ತೊಡೆಯ ಮೇಲೆ ಬಾರಿಸುತ್ತಾ ಹೋಗುತ್ತಿದ್ದೆ, ಪಕ್ಕದವರು ಎದ್ದು ಬೇರೆ ಕಡೆ ಕೂತರು.

ಈಗ ವಾಸ್ಕೋ ಕಾಕಾ ಕೇಳಿದ್ದು. ಅಪ್ಪನಿಗೆ ಗೊತ್ತಿಲ್ಲ, ಅವರು ಆಫೀಸಿಗೆ ಹೋದ ಮೇಲೆ ನಡೆಯುತ್ತೆ. ಎರಡು ತಿಂಗಳಿಂದ ಅಜ್ಜ ದಾಸರ ಪದ ಹಾಡುವಾಗ ನಾನು ಪಕ್ಕ ಕೂರುತ್ತಿದ್ದೇನೆ.

ಮೊದಲ ದಿನ ದೊಡ್ಡ ಫಜೀತಿ. ಪದ ಭೀಮಪಲಾಸ ರಾಗದಲ್ಲಿತ್ತು. ಕೋಮಲ ಗಾಂಧಾರ, ಹಾಗಾದರೆ ಮೈನರ್ ಕಾರ್ಡ್ ಅಂತ ಬಾರಿಸಿದೆ. ಅಜ್ಜ ಎರಡು ಸಾಲು ಹಾಡಿ ನಿಲ್ಲಿಸಿದರು. ಅವರ ಗಾಂಧಾರ ಮಧ್ಯಮದಿಂದ ತೂಗುತ್ತಾ ಇಳಿದು ಬರುತ್ತದೆ. ನನ್ನದು ಫ್ರೆಟ್ ಮೇಲೆ ಕಂಬದ ಹಾಗೆ ನಿಂತಿತ್ತು, ಅವರು ಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತಿದ್ದರು. "ನನ್ನ ಗಾಂಧಾರ ನೀ ಯಾಕ ಹೇಳ್ತಿ? ಅದು ನನ್ನ ಕೆಲಸ" ಅಂದರು.

ಆಮೇಲೆ ಕಾರ್ಡ್ ಪೂರ್ತಿ ಬಿಟ್ಟೆ. ತಂತಿಗಳ ಶ್ರುತಿಯನ್ನೇ ಬದಲಾಯಿಸಿದೆ. ಡೇವಿ ಗ್ರಹಾಂ ಅಂತ ಇಂಗ್ಲೆಂಡಿನವನು 1960ರ ದಶಕದ ಶುರುವಿನಲ್ಲಿ ಮೊರಾಕೋಗೆ ಹೋಗಿ, ಅಲ್ಲಿನ ಔದ್ ವಾದ್ಯದ ಜೊತೆ ನುಡಿಸಲು ಆಗಬೇಕು ಅಂತ ಹುಡುಕಿಕೊಂಡ ಶ್ರುತಿ ಒಂದಿದೆ. ಡಿ ಎ ಡಿ ಜಿ ಎ ಡಿ. ಡಿಯನ್ನು ಷಡ್ಜ ಅಂದುಕೊಳ್ಳಿ. ಸ ಪ ಸ ಮ ಪ ಸ! ಗಾಂಧಾರವೇ ಇಲ್ಲ. ಅಜ್ಜನ ಸ್ವರ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಅದಕ್ಕೆ ಎಲ್ಲ ತಂತಿಯನ್ನೂ ಅರ್ಧ ಸ್ವರ ಇಳಿಸಿದೆ. ಪದಕ್ಕೆ ಹಾಕುವ ತಾಳ ಭಜನಿ ಠೇಕಾ, ಎಂಟು ಮಾತ್ರೆ. ಹೆಬ್ಬೆರಳಿನಲ್ಲಿ ಷಡ್ಜ ಒಂದೇ ನಡೆಸಿದೆ, ಉಳಿದ ಬೆರಳು ಅಲ್ಲೊಂದು ಇಲ್ಲೊಂದು. ಅಜ್ಜ ಉಸಿರು ತೆಗೆದುಕೊಂಡಾಗ ಬೆರಳೂ ನಿಲ್ಲುತ್ತದೆ, ಹೆಬ್ಬೆರಳು ಮಾತ್ರ ನಡೆಯುತ್ತದೆ. ಅವತ್ತು ಮೂರು ಪದ ನಿಲ್ಲಿಸದೆ ಹಾಡಿದರು. ಮುಗಿದ ಮೇಲೆ ಕನ್ನಡಕ ಒರೆಸುತ್ತಾ, "ಹ್ಞಾಂ, ಇಷ್ಟ ಸಾಕು" ಅಂದರು.

ನೈಲಾನ್ ಗಿಟಾರ್ ಕೇಳಿದ್ದು ಫ್ಲಮೆಂಕೋಗೆ ಅಲ್ಲ. ಸ್ಟೀಲ್ ತಂತಿ ಮಿಡಿದ ಮೇಲೆ ಬಹಳ ಹೊತ್ತು ಗುಂಯ್ ಅನ್ನುತ್ತಾ ಇರುತ್ತೆ. ಅಜ್ಜನ ದನಿ ಈಗ ಸಣ್ಣದು, ಅದರ ಕೆಳಗೆ ಮುಚ್ಚಿಹೋಗುತ್ತದೆ. ನೈಲಾನ್ ಬೇಗ ಆರುತ್ತದೆ. ಅಪ್ಪನಿಗೆ ಹೀಗೆ ಹೇಳೋಕೆ ಒಂಥರಾ ಆಯ್ತು, ಅದಕ್ಕೇ ಸುಮ್ನೆ ಗಿಟಾರ್ ಬೇಕು ಅಂದೆ.

ಮಾಟುಂಗಾ ಮೃದಂಗ

ಮಗೂ, ಆ ಹೆಬ್ಬೆರಳು ಬಿಡಬೇಡ. ಮುಂಬಯಿಗೆ ಬಂದರೆ ಮಾಟುಂಗಾಗೆ ಬಾ, ಪಕ್ಕವಾದ್ಯ ಅಂದರೇನು ಅಂತ ಎರಡು ದಿನ ಕೂತು ಮಾತಾಡೋಣ. ಕಾಫಿ, ಮಸಾಲೆ ದೋಸೆ ನನ್ನದು.

ವಾಸ್ಕೋ ಹುಬ್ಬಳ್ಳಿ

ಪಕ್ಷ ಬದಲಾಯಿಸಿದೆ. ಅಕ್ಕಾ, ಕ್ಷಮಿಸಿ.

ಔಂಧ್ ಅಕ್ಕ

ಇರಲಿ ಬಿಡಿ. ಆದರೆ ನಾನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕೊನೆಗೆ ಅವನು ಒಂದು ಕಡೆ ಕೂತ ಮೇಲೇ ತಾನೇ ಕೆಲಸ ಆಗಿದ್ದು? ಅಜ್ಜನ ಹತ್ತಿರವೇ ಭೀಮಪಲಾಸ ಕೂತು ಹಾಡಿ ಕಲಿ ಪುಟ್ಟಾ. ಬಾಯಲ್ಲಿ ಬಂದದ್ದು ಬೆರಳಿಗೆ ಬರುತ್ತೆ.

ಹತ್ತರಲ್ಲಿ ನಿಲ್ಲಿಸು

ಹೂಂ ಮಾಮಿ, ಶುರು ಮಾಡಿದ್ದೇನೆ. ನನ್ನ ದನಿ ಕೇಳಿ ಸೆಕ್ರೆಟರಿ ಮತ್ತೆ ಬರಬಹುದು.

ಗದಗಿನವ, ಕೋಥ್ರೂಡ್

ಒಂದು ತಿಂಗಳಾಯ್ತು, ಏನಾಯ್ತು ಅಂತ ತಿಳಿಸುತ್ತೇನೆ. ತಂತಿ ರಿಪೇರಿಯವರು ಜೊತೆಗೆ ಬಂದು ಹಳೆಯ ನೈಲಾನ್ ಗಿಟಾರ್ ಕೊಡಿಸಿದರು. 14,000. ಹಿಂಭಾಗ ಬೀಟೆ ಅಂತೆ. ಒಂದು ಕಡೆ ಸಣ್ಣ ಬಿರುಕಿತ್ತು, ಅವರೇ ಅಂಟಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಶನಿವಾರ ಮನೆಯಲ್ಲಿ ಇದ್ದು ಇಬ್ಬರನ್ನೂ ಕೇಳಿದೆ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ.

ಈಗ ಹೊಸ ತಕರಾರು ಅಪ್ಪನದು. ಗಿಟಾರಿಗೆ ಜವಾರಿ ಇಲ್ಲ ಅಂತ. ನಮ್ಮ ಕಡೆ ಜವಾರಿ ಅಂದರೆ ನಾಟಿ, ಜವಾರಿ ಬೆಂಡೆ, ಜವಾರಿ ಕೋಳಿ. ಆದರೆ ಇದು ತಂಬೂರಿಯ ಜವಾರಿ, ತಂತಿ ಕುದುರೆಯ ಮೇಲೆ ಸವರಿಕೊಂಡು ಝೇಂಕರಿಸೋದು. ಮೊನ್ನೆ ತಮ್ಮ ಧೋತರದ ಅಂಚಿನಿಂದ ಒಂದು ಎಳೆ ಕಿತ್ತು, ತಂಬೂರಿಗೆ ಜೀವಾಳಿ ಇಡುವ ಹಾಗೆ ತಂತಿಯ ಕೆಳಗೆ ತೂರಿಸಿದರು. ಟಪ್ ಟಪ್ ಅಂತು, ಅಷ್ಟೇ. ಮೊಮ್ಮಗ ನಕ್ಕ. ಅವರೂ ನಕ್ಕರು.

ತಂತಿ ರಿಪೇರಿ

ಅಲ್ಲಿ ಆಗಲ್ಲ ಸರ್. ಗಿಟಾರಿನಲ್ಲಿ ತಂತಿ ಕೂರುವ ಎಲುಬಿನ ಪಟ್ಟಿ ಎರಡು ಮೂರು ಮಿಲಿಮೀಟರ್ ದಪ್ಪ. ತಂಬೂರಿಯ ಕುದುರೆ ಎರಡು ಬೆರಳಗಲ, ಮೇಲೆ ಸ್ವಲ್ಪ ಇಳಿಜಾರು. ತಂತಿ ಅದರ ಮೈಮೇಲೆ ಉದ್ದಕ್ಕೆ ತಾಗಿ ತಾಗಿ ಬಿಡಬೇಕು, ಆಗಲೇ ಝೇಂಕಾರ. ದಾರ ಆ ತಾಗುವ ಜಾಗವನ್ನು ಹೊಂದಿಸುತ್ತದೆ ಅಷ್ಟೇ. ಜಾಗವೇ ಇಲ್ಲದಿದ್ದರೆ ದಾರ ಏನು ಮಾಡೀತು? ಹಿರಿಯರಿಗೆ ಹೇಳಿ, ತಂಬೂರಿಯನ್ನೇ ತನ್ನಿ. ಮಿರಜಿಗೆ ಹೋಗಿ. ಪಂಢರಪುರದ ಕಡೆಯಿಂದ ಕುಂಬಳ ತಂದು ಮಾಡುತ್ತಾರೆ. 2024ರಲ್ಲಿ ಮಿರಜ್ ತಂಬೂರಿ, ಸಿತಾರಿಗೆ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿದೆ.

ಗದಗಿನವ, ಕೋಥ್ರೂಡ್

ಅದನ್ನೇ ಓದಿ ಹೇಳಿದೆ. ಗಾಯಕ ಅಬ್ದುಲ್ ಕರೀಂ ಖಾನರು ಇದ್ದ ಊರು ಅಂತ ಅಪ್ಪ ಆಗಲೇ ಚೀಲಕ್ಕೆ ಬಟ್ಟೆ ತುಂಬಿದ್ದಾರೆ. ಭಾನುವಾರ ಬೆಳಗಿನ ಗಾಡಿಗೆ ಮೂವರೂ ಹೊರಟಿದ್ದೇವೆ. ಮಿರಜಿನಲ್ಲಿ ತಂಬೂರಿ ಮಾಡುವವರು ಎಲ್ಲಿರುತ್ತಾರೆ, ಭಾನುವಾರ ತೆಗೆದಿರುತ್ತಾರಾ? ಗೊತ್ತಿದ್ದವರು ಶುಕ್ರವಾರದೊಳಗೆ ಹೇಳಿ.

ಡೊಂಬಿವಲಿ ಫಾಸ್ಟ್

ಅಪ್ಪನೂ ಕೇಳಲು ಶುರು ಮಾಡಿದರಾ? ನನ್ನ ಮಗನ ಮೊಬೈಲೇ ಸಸ್ತಾ ಬಿತ್ತು ಸರ್.

ವಾಸ್ಕೋ ಹುಬ್ಬಳ್ಳಿ

ಸ್ಟೇಷನ್ನಿನಿಂದ ಮೀರಾಸಾಹೇಬ್ ದರ್ಗಾಕ್ಕೆ ರಿಕ್ಷಾ ಮಾಡಿ. ಅಲ್ಲಿ ಇಳಿದು ಯಾರನ್ನಾದರೂ ಕೇಳಿ, ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ವಾಪಸ್ ಬರುವಾಗ ಕುಂಬಳಕ್ಕೆ ಪೆಟ್ಟು ಬೀಳದ ಹಾಗೆ ಹಳೇ ಗಾದಿಯೋ ರಗ್ಗೋ ತೆಗೆದುಕೊಂಡು ಹೋಗಿ, ಮರೆಯಬೇಡಿ.